ಮನೆಯಲ್ಲಿ ಬಲಿಷ್ಠ ನಾಯಿ, ಓಣಿಯಲ್ಲಿ ಭಯ: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮೊದಲೆಲ್ಲ ಎಮ್ಮೆಯ ಕೆಚ್ಚಲು ಬಾವು, ಆಡಿನ ಹೊಟ್ಟೆಯುಬ್ಬರ, ಬೆಕ್ಕಿನ ಚರ್ಮರೋಗ ಇವೇ ಹೆಚ್ಚಾಗಿರುತ್ತಿದ್ದವು. ಈ ಸಲ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ರಾಟ್‌ವೀಲರ್, ಪಿಟ್‌ಬುಲ್, ಡಾಬರ್‌ಮನ್ ಎಂಬ ಹೆಸರುಗಳೇ ಮತ್ತೆ ಮತ್ತೆ ಕಂಡುದರಿಂದ ಇಡೀ ಅಂಕಣವನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೊಟ್ಟಿಲ್ಲ.

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮ ಮನೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಹತ್ತಿರವಿದೆ. ಎರಡೂವರೆ ವರ್ಷದ ಗಂಡು ರಾಟ್‌ವೀಲರ್ ಸಾಕಿದ್ದೇವೆ, ತೂಕ 48 ಕೆ.ಜಿ. ಮನೆಯವರೊಂದಿಗೆ ಅದು ಕರುವಿನಂತಿರುತ್ತದೆ. ನಮ್ಮ ತಾಯಿ ಪೂಜೆಗೆ ಕುಳಿತರೆ ಪಕ್ಕದಲ್ಲೇ ಮಲಗಿರುತ್ತದೆ. ಹೋದ ತಿಂಗಳು ಹಾಲಿನವರು ತಾವೇ ಗೇಟು ತೆಗೆದು ಒಳಗೆ ಬಂದಾಗ ಅವರ ಮುಂಗೈಗೆ ಬಾಯಿ ಹಾಕಿತು, ಎರಡು ಹಲ್ಲು ನೆಟ್ಟಿವೆ. ಚಿಕಿತ್ಸೆಯ ಖರ್ಚನ್ನೆಲ್ಲ ನಾನೇ ಕೊಟ್ಟಿದ್ದೇನೆ. ಆದರೂ ಓಣಿಯವರು ಈ ತಳಿಯನ್ನು ಸರ್ಕಾರ ನಿಷೇಧಿಸಿದೆ, ನಾಯಿಯನ್ನು ಕೂಡಲೇ ಕಳಿಸಿಬಿಡಿ ಎನ್ನುತ್ತಿದ್ದಾರೆ. ನಮ್ಮ ನಾಯಿ ಸ್ವಭಾವದಲ್ಲಿ ಕೆಟ್ಟದ್ದಲ್ಲ. ಏನು ಮಾಡಲಿ?

ಉತ್ತರ: ಮೊದಲು ಕಾನೂನಿನ ವಿಚಾರ. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರವು ರಾಜ್ಯಗಳಿಗೆ ಸುತ್ತೋಲೆ ಕಳಿಸಿ, ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೋರ್ಸೊ, ಡೋಗೊ ಅರ್ಜೆಂಟೀನೊ, ಮಾಸ್ಟಿಫ್, ಕಕೇಷಿಯನ್ ಶೆಫರ್ಡ್ ಮೊದಲಾದ 23 ಬಗೆಯ ನಾಯಿಗಳ ಆಮದು, ಸಂತಾನೋತ್ಪತ್ತಿ ಹಾಗೂ ಮಾರಾಟಕ್ಕೆ ಅವಕಾಶ ಕೊಡಬಾರದೆಂದೂ, ಈಗಾಗಲೇ ಮನೆಗಳಲ್ಲಿರುವ ಇಂಥ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ಸೂಚಿಸಿತ್ತು. ಕರ್ನಾಟಕ ಹೈಕೋರ್ಟ್ ಅದೇ ವರ್ಷದ ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಭಿಪ್ರಾಯವನ್ನೇ ಕೇಳದೆ ಅದನ್ನು ಹೊರಡಿಸಲಾಗಿದೆ ಎಂಬುದು ಮುಖ್ಯ ಕಾರಣವಾಗಿತ್ತು. ಎಲ್ಲರನ್ನೂ ಕೇಳಿ, ಕಾನೂನಿನ ಕ್ರಮದಲ್ಲಿ ಹೊಸದಾಗಿ ಮುಂದುವರಿಯುವ ಅವಕಾಶವನ್ನು ನ್ಯಾಯಾಲಯ ಕೇಂದ್ರಕ್ಕೆ ಉಳಿಸಿಕೊಟ್ಟಿತು. ಆದ್ದರಿಂದ ಆ ಸುತ್ತೋಲೆಯನ್ನು ತೋರಿಸಿ ನಿಮ್ಮ ನಾಯಿಯನ್ನು ಹೊರಗೆ ಹಾಕಿ ಎಂದು ಯಾರೂ ಹೇಳುವಂತಿಲ್ಲ.

ಆದರೆ ನಿಷೇಧವಿಲ್ಲ ಎಂಬ ಮಾತು ಹಾಲಿನವರ ಕೈಯ ಗಾಯಕ್ಕೆ ಉತ್ತರವಾಗುವುದಿಲ್ಲ. ನಿಮ್ಮ ನಾಯಿ ಕೆಟ್ಟದ್ದಲ್ಲ ಎಂಬುದನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಕಚ್ಚಿದ ನಾಯಿಗಳಲ್ಲಿ ಬಹುಪಾಲು ಒಳ್ಳೆಯ ನಾಯಿಗಳೇ ಎಂಬುದು ಇಷ್ಟು ವರ್ಷಗಳ ವೃತ್ತಿಯಲ್ಲಿ ನಾನು ಕಂಡದ್ದು. ಪೊಮೆರೇನಿಯನ್ ನಾಯಿಯೊಂದು ಅಪರಿಚಿತನನ್ನು ಕಂಡು ಗಾಬರಿಯಾಗಿ ಬಾಯಿ ಹಾಕಿದರೆ ಪ್ಯಾಂಟಿನ ಅಂಚು ಹರಿಯಬಹುದು, 48 ಕೆ.ಜಿ. ತೂಕದ ನಾಯಿ ಅದೇ ಗಾಬರಿಯಲ್ಲಿ ಅದೇ ಕೆಲಸ ಮಾಡಿದರೆ ಮಾಂಸಖಂಡ ಹರಿಯುತ್ತದೆ, ಎದುರಿಗೆ ಮಗುವಿದ್ದರೆ ಜೀವವೇ ಹೋಗಬಹುದು. ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಟುಕರು ದನದ ಹಿಂಡು ಹೊಡೆಯಲು, ಗಾಡಿ ಎಳೆಯಲು, ದುಡ್ಡು ಕಾಯಲು ಬೆಳೆಸಿದ ನಾಯಿಯಿದು. ಎದುರು ನಿಂತ ಎತ್ತನ್ನು ಹಿಂದಕ್ಕೆ ಸರಿಸುವ ಎದೆಗಾರಿಕೆ ಅದರ ರಕ್ತದಲ್ಲೇ ಇದೆ. ಇಂಥ ನಾಯಿಯನ್ನು ಸಾಕುವವರು ನಾಯಿಯ ಸ್ವಭಾವವನ್ನು ನಂಬಬಾರದೆಂದು ನಾನು ಹೇಳುವುದಿಲ್ಲ. ಬಂದೋಬಸ್ತಿನ ಜಾಗದಲ್ಲಿ ನಂಬಿಕೆಯನ್ನು ಇಡಬಾರದೆಂದು ಮಾತ್ರ ಹೇಳುತ್ತೇನೆ.

ನಮ್ಮ ರೈತರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಾವೇರಿ ಜಿಲ್ಲೆಯಲ್ಲಿ ದೀಪಾವಳಿಯ ಹೋರಿ ಬೆದರಿಸುವ ಸ್ಪರ್ಧೆಗೆಂದು ಹೋರಿ ಕಟ್ಟಿದ ಮನೆಗಳನ್ನು ನೋಡಿ. ಆ ಹೋರಿಯನ್ನು ಮನೆಯ ಮಗನಂತೆ ಮೈ ತೊಳೆದು, ಹುರುಳಿ ತಿನ್ನಿಸಿ ಸಾಕುತ್ತಾರೆ, ಅದಕ್ಕೊಂದು ಹೆಸರಿಟ್ಟು ಕರೆಯುತ್ತಾರೆ. ಹಾಗೆಂದು ಮೂಗುದಾರ ಬಿಚ್ಚಿ ಅಂಗಳದಲ್ಲಿ ಕೂಸುಗಳ ನಡುವೆ ಬಿಡುತ್ತಾರೆಯೇ? ಪ್ರೀತಿಗೂ ಮೂಗುದಾರಕ್ಕೂ ಅವರ ಮನಸ್ಸಿನಲ್ಲಿ ಜಗಳವೇ ಇಲ್ಲ. ನಾಯಿಯ ವಿಷಯದಲ್ಲಿ ಮಾತ್ರ, ಅದು ಒಳಗೆ ಸೋಫಾದ ಮೇಲೆ ಮಲಗುತ್ತದೆ ಎಂಬ ಕಾರಣಕ್ಕೆ, ನಾವು ಆ ವಿವೇಕವನ್ನು ಮರೆಯುತ್ತೇವೆ.

ನಾನೂ ಮರೆತಿದ್ದೆ. ಧಾರವಾಡದಲ್ಲಿ ನಮ್ಮ ಮನೆಯಲ್ಲಿ ಡಾಬರ್‌ಮನ್ ಇದ್ದ ಕಾಲ. ದಸರೆಯ ಸಂಜೆ ಬನ್ನಿ ಕೊಡಲು ಓಣಿಯವರೆಲ್ಲ ಬಂದು ಹೋಗುತ್ತಾರೆ, ಗೇಟು ಇಪ್ಪತ್ತು ಸಲ ತೆರೆಯುತ್ತದೆ, ಇಪ್ಪತ್ತು ಸಲ ಮುಚ್ಚುತ್ತದೆ. ನಾಯಿಯನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದೆ, ಚಿಲಕ ಹಾಕಿದ್ದೇನೆಂದೇ ತಿಳಿದಿದ್ದೆ. ಎಂಟು ವರ್ಷದ ಹುಡುಗಿಯೊಬ್ಬಳು ಬನ್ನಿ ಎಲೆ ಹಿಡಿದು ನನ್ನ ಕಾಲು ಮುಟ್ಟಲು ಬಾಗಿದಾಗ ಅದು ಹಿಂದಿನಿಂದ ಬಂದು ಅವಳ ತೋಳನ್ನು ಹಿಡಿಯಿತು. ನನ್ನ ಕಡೆಗೆ ಥಟ್ಟನೆ ಬಾಗಿದ ಅಪರಿಚಿತ ಆಕೃತಿಯಷ್ಟೇ ಅದಕ್ಕೆ ಕಂಡಿರಬೇಕು. ನಾಲ್ಕು ಹೊಲಿಗೆ ಬಿದ್ದವು. ಬನ್ನಿಯ ಎಲೆಗಳು ಪಡಸಾಲೆಯ ತುಂಬ ಚೆಲ್ಲಿದ್ದವು, ಅವುಗಳ ಮೇಲೆ ರಕ್ತವಿತ್ತು. ಆ ನಾಯಿ ಅದಕ್ಕಿಂತ ಮೊದಲು ಯಾರನ್ನೂ ಕಚ್ಚಿರಲಿಲ್ಲ, ಅನಂತರವೂ ಕಚ್ಚಲಿಲ್ಲ. ತಪ್ಪಿದ್ದದ್ದು ಚಿಲಕದಲ್ಲಿ, ಆ ಚಿಲಕ ನನ್ನ ಕೈಯಲ್ಲಿತ್ತು.

ಆದ್ದರಿಂದ ನಿಮ್ಮ ಮನೆಯಲ್ಲಿ ಮೊದಲು ಸರಿಯಾಗಬೇಕಾದದ್ದು ಗೇಟು. ಹೊರಗಿನವರು ಕೈ ಹಾಕಿ ತೆಗೆಯುವಂತಿದ್ದರೆ ಅದು ಇಂಥ ನಾಯಿಯಿರುವ ಮನೆಗೆ ತಕ್ಕ ಗೇಟಲ್ಲ. ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿ, ಒಳಗಿನಿಂದ ಬೀಗ ಹಾಕಿ, ಗಂಟೆಯನ್ನೂ ಹಾಲು, ಪತ್ರಿಕೆ, ಪಾರ್ಸಲ್ ಇಡುವ ಪೆಟ್ಟಿಗೆಯನ್ನೂ ಗೇಟಿನ ಹೊರಗೆ ಕೂಡಿಸಿ. ಗೇಟಿಗೂ ನಾಯಿ ಓಡಾಡುವ ಜಾಗಕ್ಕೂ ನಡುವೆ ಇನ್ನೊಂದು ಬಾಗಿಲು ಇರಲಿ. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಕಾಂಪೌಂಡ್ ಗೋಡೆ ಆರು ಅಡಿಗೆ ಕಡಿಮೆಯಿದ್ದರೆ ಮೇಲೆ ಜಾಲರಿ ಏರಿಸಿ. ನಾಯಿ ಇದೆ ಎಂಬ ಫಲಕ ಓದಲು ಬಾರದವರಿಗೂ ತಿಳಿಯುವಂತೆ ಚಿತ್ರಸಹಿತ ಇರಲಿ, ಆದರೆ ಫಲಕ ಹಾಕಿದ ಮಾತ್ರಕ್ಕೆ ಹೊಣೆ ತೀರಿತೆಂದು ತಿಳಿಯಬೇಡಿ.

ಎರಡನೆಯದು, ನಾಯಿಯನ್ನು ಹಗಲೆಲ್ಲ ಮುಂದಿನ ಅಂಗಳದಲ್ಲಿ ಬಿಡುವುದನ್ನು ನಿಲ್ಲಿಸಿ. ಪೋಸ್ಟ್‌ಮನ್ ಬರುತ್ತಾನೆ, ನಾಯಿ ಗೇಟಿಗೆ ಹಾರಿ ಬೊಗಳುತ್ತದೆ, ಅವನು ಹೋಗುತ್ತಾನೆ. ಅವನು ಹೋದದ್ದು ಕೆಲಸ ಮುಗಿದುದರಿಂದ, ಆದರೆ ನಾಯಿಯ ಲೆಕ್ಕದಲ್ಲಿ ತಾನು ಓಡಿಸಿದ್ದರಿಂದ. ದಿನಕ್ಕೆ ಹತ್ತು ಸಲದಂತೆ ಎರಡು ವರ್ಷ ಈ ಪಾಠ ಕಲಿತ ನಾಯಿಯ ಮುಂದೆ ಒಂದು ದಿನ ಗೇಟೇ ತೆರೆದುಕೊಂಡರೆ ಅದು ಏನು ಮಾಡುತ್ತದೆಂಬುದು ನಿಮ್ಮ ಹಾಲಿನವರಿಗೆ ತಿಳಿದಿದೆ. ಅದು ಹಿತ್ತಲಿನಲ್ಲಿ ಅಥವಾ ಮನೆಯೊಳಗೆ ಇರಲಿ. ಬೆಳಿಗ್ಗೆ ಸಂಜೆ ಒಟ್ಟು ಒಂದೂವರೆ ಗಂಟೆಯಾದರೂ ನಡಿಗೆ, ಆಟ, ಮಾತು ಕೇಳುವ ಅಭ್ಯಾಸ ಇರಲಿ.

ಅದನ್ನು ಪಶುವೈದ್ಯರ ಬಳಿಗೂ ಕರೆದೊಯ್ಯಿರಿ. ಈ ತಳಿಯಲ್ಲಿ ಸೊಂಟದ ಕೀಲಿನ ತೊಂದರೆ ಸಾಮಾನ್ಯ, ಕಿವಿಯೊಳಗಿನ ಸೋಂಕು ಎಷ್ಟೋ ಸಲ ಹೊರಗೆ ಕಾಣುವುದೇ ಇಲ್ಲ. ನೋವಿರುವ ನಾಯಿಗೆ ತಾಳ್ಮೆ ಕಡಿಮೆ. ಸಂತಾನಹರಣ ಮಾಡಿಸಿ ಎಂದೇ ನನ್ನ ಸಲಹೆ, ಆದರೆ ಅದರಿಂದ ಅಲೆಯುವುದು, ಬೇರೆ ಗಂಡು ನಾಯಿಗಳೊಡನೆ ಕಾದಾಡುವುದು ತಗ್ಗಬಹುದೇ ಹೊರತು ಗೇಟಿನ ಮುಂದಿನ ಅಭ್ಯಾಸ ಅಳಿಯುವುದಿಲ್ಲ. ಕೊನೆಯದಾಗಿ, ಓಣಿಯವರ ಮನೆಗೆ ನೀವೇ ಹೋಗಿ. ಲಸಿಕೆಯ ಕಾರ್ಡು ತೋರಿಸಿ, ಗೇಟಿಗೆ ಏನು ಮಾಡಿಸಿದ್ದೀರೆಂದು ಹೇಳಿ, ಅವರ ಮಕ್ಕಳು ಯಾವ ಹೊತ್ತಿಗೆ ಶಾಲೆಯಿಂದ ಬರುತ್ತಾರೆಂದು ಕೇಳಿ ಆ ಹೊತ್ತಿನಲ್ಲಿ ನಾಯಿಯನ್ನು ಹೊರಗೆ ತರಬೇಡಿ. ಅವರ ಭಯಕ್ಕೆ ಕಾರಣವಿದೆ, ಅದನ್ನು ನೀವು ಒಪ್ಪಿಕೊಂಡರೆ ಮಾತು ಮುಂದುವರಿಯುತ್ತದೆ.

ಪ್ರಶ್ನೆ: ನಮ್ಮ ಮೈದುನ ಯಾರದೋ ಮನೆಯಿಂದ 35 ದಿನದ ಪಿಟ್‌ಬುಲ್ ಮರಿಯನ್ನು 18 ಸಾವಿರ ರೂಪಾಯಿ ಕೊಟ್ಟು ತಂದಿದ್ದಾನೆ. ಮನೆಯಲ್ಲಿ ನನ್ನ ನಾಲ್ಕು ವರ್ಷದ ಮಗಳಿದ್ದಾಳೆ. ಚಿಕ್ಕಂದಿನಿಂದ ಜೊತೆಗೆ ಬೆಳೆದರೆ ಏನೂ ಮಾಡುವುದಿಲ್ಲ ಎಂದು ಅವನು ಹೇಳುತ್ತಾನೆ. ನನಗೆ ಧೈರ್ಯ ಬರುತ್ತಿಲ್ಲ. (ಸಪ್ತಾಪುರ, ಧಾರವಾಡ)

ಉತ್ತರ: ನಿಮ್ಮ ಅಳುಕನ್ನು ಹೆದರಿಕೆಯೆಂದು ಯಾರೂ ಹಗುರ ಮಾಡದಿರಲಿ. ಮೊದಲ ತಪ್ಪು ಮಾರಿದವರದು. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ಎಂಬುದು ಕಾಗದದ ಮೇಲಿನ ಲೆಕ್ಕವಲ್ಲ. ಒಡಹುಟ್ಟಿದ ಮರಿಗಳೊಂದಿಗೆ ಆಡುವಾಗ ಒಂದು ಇನ್ನೊಂದರ ಕಿವಿಯನ್ನು ಜೋರಾಗಿ ಕಚ್ಚಿದರೆ ಅದು ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ, ತಾಯಿಯೂ ಗದರಿಸುತ್ತದೆ. ಹಲ್ಲನ್ನು ಎಷ್ಟು ಊರಬೇಕೆಂಬ ಮಿತಿಯನ್ನು ಮರಿ ಕಲಿಯುವುದು ಆ ಆಟದಲ್ಲೇ. ಐದು ವಾರಕ್ಕೇ ಅಗಲಿಸಿದ ಮರಿಗೆ ಆ ಪಾಠ ಅರ್ಧಕ್ಕೇ ನಿಂತಿರುತ್ತದೆ. ಬಲವಾದ ದವಡೆಯ ತಳಿಯಲ್ಲಿ ಇದು ಸಣ್ಣ ಕೊರತೆಯಲ್ಲ. ತಾಯಿನಾಯಿ ಇನ್ನೂ ಅಲ್ಲೇ ಇದ್ದರೆ ಮರಿಯನ್ನು ಮೂರು ವಾರದ ಮಟ್ಟಿಗೆ ಹಿಂದಿರುಗಿಸಿ ಬಿಡಲು ನಿಮ್ಮ ಮೈದುನ ಮಾತಾಡಲಿ, ಜೊತೆಗೆ ತಾಯಿಯ ವರ್ತನೆಯನ್ನೂ ಕಣ್ಣಾರೆ ನೋಡಿ ಬರಲಿ. ತಾಯಿಯನ್ನು ತೋರಿಸಲು ಒಪ್ಪದವರಿಂದ ಮರಿ ತರಲೇಬಾರದು.

ಪಿಟ್‌ಬುಲ್ ಬಗ್ಗೆ ಹೇಳುವಾಗ ಅದರ ಹಿನ್ನೆಲೆಯನ್ನು ಮುಚ್ಚಿಡಬಾರದು. ಇಂಗ್ಲೆಂಡಿನಲ್ಲಿ ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಬಿಡುವ ಆಟವನ್ನು 1835ರಲ್ಲಿ ಕಾನೂನು ನಿಲ್ಲಿಸಿದ ಮೇಲೆ ಅದೇ ಜನ ನಾಯಿಗೆ ನಾಯಿಯನ್ನೇ ಕಾದಾಡಿಸತೊಡಗಿದರು. ಬುಲ್‌ಡಾಗಿನ ಹಿಡಿತ ಮತ್ತು ಟೆರಿಯರ್‌ನ ಚುರುಕು ಕೂಡಿದ ನಾಯಿಗಳನ್ನು ಅದಕ್ಕಾಗಿಯೇ ಆರಿಸಿ ಬೆಳೆಸಿದರು. ಹಿಡಿದದ್ದನ್ನು ಬಿಡದಿರುವುದು, ನೋವಾದರೂ ಹಿಂದೆ ಸರಿಯದಿರುವುದು ಇವೆರಡನ್ನೂ ಗುಣವೆಂದು ಎಣಿಸಿದ ಆಯ್ಕೆಯದು. ಪ್ರತಿಯೊಂದು ಪಿಟ್‌ಬುಲ್ ಕಚ್ಚುತ್ತದೆ ಎಂದು ಇದರ ಅರ್ಥವಲ್ಲ, ನನ್ನ ಬಳಿಗೆ ಬಂದವುಗಳಲ್ಲಿ ಮನುಷ್ಯರ ಮೇಲೆ ಅಪಾರ ಅಕ್ಕರೆಯಿದ್ದ ನಾಯಿಗಳೂ ಇದ್ದವು. ಮೊದಲ ಸಲ ನಾಯಿ ಸಾಕುವ ಮನೆಗೆ, ಅದೂ ಪುಟ್ಟ ಮಗುವಿರುವ ಮನೆಗೆ, ಇದು ತಕ್ಕ ನಾಯಿಯಲ್ಲ ಎಂಬುದೇ ನನ್ನ ಖಚಿತ ಅಭಿಪ್ರಾಯ. ಹಣ ಹೋದರೂ ಚಿಂತೆಯಿಲ್ಲವೆಂದು ಈಗಲೇ ಹಿಂದಿರುಗಿಸುವುದು ಎರಡು ವರ್ಷದ ನಂತರ ನಾಯಿಯನ್ನು ಎಲ್ಲಿಗೆ ಕಳಿಸಲಿ ಎಂದು ಹುಡುಕುವುದಕ್ಕಿಂತ ಎಷ್ಟೋ ಮೇಲು.

ಉಳಿಸಿಕೊಳ್ಳುವುದೇ ಆದರೆ, ಮರಿಯ ಮನಸ್ಸು ಲೋಕಕ್ಕೆ ತೆರೆದುಕೊಳ್ಳುವುದು ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಎಂಬುದನ್ನು ನೆನಪಿಡಿ. ಲಸಿಕೆಗಳು ಮುಗಿಯುವ ತನಕ ಅದನ್ನು ನೆಲಕ್ಕೆ ಬಿಡದೆ ತೋಳಿನಲ್ಲಿ ಎತ್ತಿಕೊಂಡೇ ಮಾರುಕಟ್ಟೆ, ಆಟೊ, ಕೊಡೆ ಹಿಡಿದವರು, ಕೋಲೂರಿ ನಡೆಯುವ ಅಜ್ಜ, ಸಮವಸ್ತ್ರದ ಮಕ್ಕಳು ಎಲ್ಲವನ್ನೂ ತೋರಿಸಿ. ಮಗಳನ್ನು ಮತ್ತು ನಾಯಿಯನ್ನು ಒಂದು ನಿಮಿಷವೂ ಇಬ್ಬರನ್ನೇ ಬಿಡಬೇಡಿ. ನೀವು ಕುಕ್ಕರ್ ಇಳಿಸಲು ಒಳಗೆ ಹೋಗುವುದಾದರೆ ಇಬ್ಬರಲ್ಲಿ ಒಬ್ಬರು ನಿಮ್ಮ ಜೊತೆ ಬರಬೇಕು. ನಾಯಿ ಉಣ್ಣುವಾಗ, ಮಲಗಿರುವಾಗ ಅವಳು ಅದರ ಹತ್ತಿರ ಹೋಗಬಾರದು. ಅದರ ಮೈ ಕಲ್ಲಿನಂತೆ ಬಿಗಿಯುವುದು, ತೆರೆದ ಬಾಯಿ ಥಟ್ಟನೆ ಮುಚ್ಚುವುದು, ಕಣ್ಣಂಚಿನ ಬಿಳಿ ಕಾಣುವುದು, ಹಸಿವಿಲ್ಲದಾಗಲೂ ತುಟಿ ನೆಕ್ಕುವುದು ಇವೆಲ್ಲ 'ಸಾಕು, ದೂರ ಸರಿಯಿರಿ' ಎಂಬ ಮಾತುಗಳು. ಗುರುಗುಟ್ಟಿದರೆ ಮಗುವನ್ನು ದೂರ ಮಾಡಿ, ಗುರುಗುಟ್ಟಿದ್ದಕ್ಕೆ ನಾಯಿಯನ್ನು ಹೊಡೆಯಬೇಡಿ. ಹೊಡೆತಕ್ಕೆ ಅಂಜಿ ಗುರುಗುಟ್ಟುವುದನ್ನು ಬಿಟ್ಟ ನಾಯಿ ಮುಂದೆ ಮುನ್ಸೂಚನೆಯಿಲ್ಲದೆ ಕಚ್ಚುತ್ತದೆ.

ಪ್ರಶ್ನೆ: ಬ್ಯಾಡಗಿ ಹತ್ತಿರ ಹೊಲದಲ್ಲಿ ಮನೆ ಮಾಡಿದ್ದೇವೆ. ಮೆಣಸಿನಕಾಯಿ ಕಣದಲ್ಲಿ ಒಣಗಲು ಹಾಕಿದಾಗ ಕಳ್ಳರ ಕಾಟವಿರುವುದರಿಂದ ದೊಡ್ಡ ಜಾತಿಯ ನಾಯಿ ತಂದಿದ್ದೇನೆ. ಹಗಲು ಸರಪಳಿಯಲ್ಲಿ ಕಟ್ಟಿ, ಯಾರಿಗೂ ಮುಟ್ಟಗೊಡದೆ, ಖಾರ ಕಲಸಿದ ಹಸಿ ಮಾಂಸ ಹಾಕಿದರೆ ಉಗ್ರವಾಗುತ್ತದೆ ಎಂದು ಹೇಳಿದರು. ಇದು ನಿಜವೇ?

ಉತ್ತರ: ನಿಜವಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಖಾರದಿಂದ ನಾಯಿಯ ಬಾಯಿ, ಹೊಟ್ಟೆ, ಕರುಳು ಉರಿಯುತ್ತವೆ. ಉರಿಯಿಂದ ಬಳಲುವ ನಾಯಿ ಸಿಡುಕಾಗುತ್ತದೆಯೇ ಹೊರತು ಕಾವಲುಗಾರನಾಗುವುದಿಲ್ಲ. ಕಾವಲು ನಾಯಿಯ ಕೆಲಸ ಬೊಗಳಿ ನಿಮ್ಮನ್ನು ಎಬ್ಬಿಸುವುದು. ಬಂದವರು ಯಾರು, ಏನು ಮಾಡಬೇಕು ಎಂದು ತೀರ್ಮಾನಿಸುವವರು ನೀವು. ರಾತ್ರಿ ನಿಮ್ಮ ಕಣದೊಳಗೆ ಬರುವವನು ಹಗ್ಗ ಹರಿದುಕೊಂಡು ಹೋದ ಎತ್ತನ್ನು ಹುಡುಕುವ ಪಕ್ಕದ ಹೊಲದವನಾಗಿರಬಹುದು, ಹಾವು ಕಚ್ಚಿದ ಮಗುವನ್ನು ಎತ್ತಿಕೊಂಡು ಗಾಡಿ ಕೇಳಲು ಬಂದ ಕೂಲಿಯವನಾಗಿರಬಹುದು. ಯಾರನ್ನಾದರೂ ಸೀಳುವಂತೆ ತಯಾರಾದ ನಾಯಿಗೆ ಇವರಲ್ಲಿ ಕಳ್ಳ ಯಾರೆಂಬುದು ತಿಳಿಯುವುದಿಲ್ಲ.

ಸರಪಳಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕೊರಳ ಬಳಿ ಕೈ ಒಯ್ದರೆ ಸಾಕು ಕಚ್ಚುತ್ತದೆ, ಹುಚ್ಚು ಹಿಡಿದಿರಬೇಕು ಎಂದು ಹೊಲದ ಮನೆಯೊಂದರಿಂದ ನಾಯಿಯೊಂದನ್ನು ಹಿಂದೊಮ್ಮೆ ನನ್ನಲ್ಲಿಗೆ ತಂದಿದ್ದರು. ಅರಿವಳಿಕೆ ಕೊಟ್ಟು ಮಲಗಿಸಿ, ಜಡೆಗಟ್ಟಿದ ಕೂದಲನ್ನು ಕತ್ತರಿಸುತ್ತ ಹೋದಂತೆ ಅದರಡಿಯಲ್ಲಿ ಕಬ್ಬಿಣದ ಕೊಂಡಿ ಕಂಡಿತು. ಮರಿಯಿದ್ದಾಗ ಹಾಕಿದ ಸರಪಳಿಯನ್ನು ಯಾರೂ ಸಡಿಲ ಮಾಡಿರಲಿಲ್ಲ. ನಾಯಿ ಬೆಳೆದು, ಸರಪಳಿ ಬೆಳೆಯದೆ, ಚರ್ಮ ಕೊಂಡಿಯ ಮೇಲೆಯೇ ಕೂಡಿಕೊಂಡಿತ್ತು. ಕಚ್ಚುತ್ತಿದ್ದುದರ ಕಾರಣ ಕೊರಳಲ್ಲೇ ಇತ್ತು. ಎಲ್ಲ ಸರಪಳಿಗಳೂ ಈ ಮಟ್ಟಕ್ಕೆ ಹೋಗುವುದಿಲ್ಲವೆಂಬುದು ಸರಿ, ಆದರೂ ದಿನವಿಡೀ ಕಟ್ಟಿದ ನಾಯಿಗೆ ಹೆದರಿದಾಗ ಓಡಿಹೋಗುವ ದಾರಿಯೇ ಇರುವುದಿಲ್ಲ, ಮೇಲೆ ಬೀಳುವುದೊಂದೇ ಅದಕ್ಕೆ ಉಳಿದಿರುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ನಾಯಿಯನ್ನು ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಡುವುದೂ, ಸದಾ ಕಟ್ಟಿಟ್ಟ ನಾಯಿಗೆ ಓಡಾಟವನ್ನೇ ಕೊಡದಿರುವುದೂ ಅಪರಾಧ.

ಕಣದ ಒಂದು ಬದಿಗೆ ಆರಡಿ ಎತ್ತರದ ಜಾಲರಿ ಬೇಲಿ ಹಾಕಿ, ನೆರಳಿಗೆ ತಗಡಿನ ಬದಲು ಸೋಗೆಯ ಚಪ್ಪರ ಮಾಡಿ, ನೀರಿಟ್ಟು, ನಾಯಿಯನ್ನು ಅದರೊಳಗೆ ಬಿಡಿ. ಬೊಗಳಲು ಅಷ್ಟು ಸಾಕು. ಮನೆಯ ಆಳುಗಳು, ಅವರ ಮಕ್ಕಳು ಎಲ್ಲರ ವಾಸನೆಯೂ ಅದಕ್ಕೆ ಪರಿಚಯವಾಗಲಿ. ಇನ್ನೊಂದು ಮಾತು, ನಮ್ಮ ಭಾಗದ ಹೊಲಗಳಿಗೆ ವಿದೇಶಿ ತಳಿಯೇ ಬೇಕೆಂದೇನೂ ಇಲ್ಲ. ಊರ ನಾಯಿಯ ಒಂದು ಒಳ್ಳೆಯ ಮರಿ ಬಿಸಿಲು ತಾಳುತ್ತದೆ, ಕಡಿಮೆ ತಿನ್ನುತ್ತದೆ, ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ. ಮುಧೋಳ ನಾಯಿಯನ್ನು ಬಯಸುವವರು ಅದು ಕಣ್ಣಿಗೆ ಕಂಡ ಬೇಟೆಯ ಹಿಂದೆ ಓಡಲೆಂದೇ ಹುಟ್ಟಿದ ನಾಯಿಯೆಂಬುದನ್ನು ತಿಳಿದಿರಬೇಕು. ಅದನ್ನು ಕಟ್ಟಿಹಾಕಿ ಸಾಕುವುದೇ ತಪ್ಪು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಆ ತಳಿಯ ಬಗ್ಗೆ ಅಲ್ಲಿ ವಿಚಾರಿಸಬಹುದು.

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮ ಎದುರು ಮನೆಯವರ 12 ವರ್ಷದ ಹುಡುಗ ಸಂಜೆ ತನಗಿಂತ ಭಾರವಾದ ನಾಯಿಯನ್ನು ಹಿಡಿದು ತಿರುಗಾಡಿಸುತ್ತಾನೆ. ಹೇಳಿದರೆ 'ಅದು ಏನೂ ಮಾಡಂಗಿಲ್ರಿ' ಎನ್ನುತ್ತಾರೆ. ಕಾನೂನಿನಲ್ಲಿ ಏನಾದರೂ ಇದೆಯೇ?

ಉತ್ತರ: ಇದೆ. ತನ್ನ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಮಾಲೀಕನು ತಕ್ಕ ಎಚ್ಚರಿಕೆ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 2024ರ ಜುಲೈ 1ಕ್ಕೆ ಮೊದಲು ಇದೇ ಅಪರಾಧಕ್ಕೆ ಭಾರತೀಯ ದಂಡ ಸಂಹಿತೆಯ 289ನೇ ಕಲಮು ಅನ್ವಯಿಸುತ್ತಿತ್ತು, ದಂಡ ಮಾತ್ರ ಕಡಿಮೆಯಿತ್ತು. ನಿರ್ಲಕ್ಷ್ಯದಿಂದ ಯಾರಿಗಾದರೂ ತೀವ್ರ ಗಾಯವಾದರೆ ನ್ಯಾಯ ಸಂಹಿತೆಯದೇ 125ನೇ ಕಲಮೂ, ಸಾವು ಸಂಭವಿಸಿದರೆ 106ನೇ ಕಲಮೂ ಅನ್ವಯಿಸಬಹುದು. ಎದುರು ಮನೆಯವರೊಂದಿಗೆ ಇನ್ನೊಮ್ಮೆ, ಹುಡುಗನ ಯೋಗಕ್ಷೇಮದ ಮಾತಾಗಿ ಹೇಳಿನೋಡಿ: ನಾಯಿ ಬೆಕ್ಕಿನ ಹಿಂದೆ ಹಾರಿದರೆ ಹಗ್ಗ ಬಿಡದ ಹುಡುಗ ರಸ್ತೆಗೆ ಎಳೆಯಲ್ಪಡುತ್ತಾನೆ, ಮೊದಲು ಗಾಯವಾಗುವುದು ಅವನಿಗೇ. ನಾಯಿ ಪೂರ್ತಿ ಬಲ ಹಾಕಿ ಎಳೆದಾಗ ನಿಂತ ಜಾಗದಲ್ಲಿ ಹಿಡಿದು ನಿಲ್ಲಿಸಬಲ್ಲವರೇ ಅದನ್ನು ಬೀದಿಗೆ ತರಬೇಕು. ನಾಲ್ಕರಿಂದ ಆರಡಿಯ ಗಟ್ಟಿ ಹಗ್ಗವಿರಬೇಕು, ಉದ್ದಕ್ಕೆ ಬಿಚ್ಚಿಕೊಳ್ಳುವ ಬಗೆಯದು ಬೇಡ. ಅವರು ಕೇಳದಿದ್ದರೆ ದಿನಾಂಕ, ಹೊತ್ತು ಬರೆದಿಟ್ಟು ನಗರಸಭೆಗೂ ಪೊಲೀಸ್ ಠಾಣೆಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ನಾಯಿಗೆ ಕಲ್ಲೆಸೆಯಲು ಯಾರಿಗೂ ಬಿಡಬೇಡಿ, ಅದರಿಂದ ಅಪಾಯ ಹೆಚ್ಚುತ್ತದೆ. ನಿಮ್ಮ ಮಕ್ಕಳಿಗೆ, ನಾಯಿ ಹತ್ತಿರ ಬಂದರೆ ಓಡದೆ, ಕಿರುಚದೆ, ಕೈ ಮಡಚಿ ನೆಲ ನೋಡುತ್ತ ಮರದಂತೆ ನಿಲ್ಲಲು ಕಲಿಸಿ. ಕೆಳಗೆ ಬಿದ್ದರೆ ಮುದುಡಿ, ಕಿವಿ ಮತ್ತು ಕುತ್ತಿಗೆಯನ್ನು ಕೈಗಳಿಂದ ಮುಚ್ಚಿಕೊಳ್ಳಬೇಕು.

ಪ್ರಶ್ನೆ: ನಾಯಿಗೆ ಬಾಯಿಗವಸು ಹಾಕುವುದು ಹಿಂಸೆಯಲ್ಲವೇ? (ರಾಣೆಬೆನ್ನೂರು)

ಉತ್ತರ: ಯಾವ ಬಗೆಯದು ಎಂಬುದರ ಮೇಲೆ ಹೋಗುತ್ತದೆ. ಮೂತಿಯನ್ನು ಬಿಗಿದು ಕಟ್ಟುವ ಬಟ್ಟೆಯದನ್ನು ಆಸ್ಪತ್ರೆಯಲ್ಲಿ ಐದು ನಿಮಿಷಕ್ಕೆ ಬಳಸಬಹುದು, ನಡಿಗೆಗೆ ಬಳಸಲೇಬಾರದು. ನಾಯಿ ಮೈಯ ಬಿಸಿಯನ್ನು ಹೊರಹಾಕುವುದು ಬಾಯಿ ತೆರೆದು ಏದುವುದರಿಂದ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಾಯಿ ಬಿಗಿದ ನಾಯಿ ಕುಸಿದು ಸಾಯಬಹುದು. ಬುಟ್ಟಿಯಾಕಾರದ್ದು ಹಾಗಲ್ಲ. ಅದರೊಳಗೆ ನಾಯಿ ಏದಬಹುದು, ನೀರು ಕುಡಿಯಬಹುದು, ತಿನಿಸನ್ನೂ ತೆಗೆದುಕೊಳ್ಳಬಹುದು. ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವ ನಮ್ಮವರಿಗೆ ಇದು ಹೊಸದೇನಲ್ಲ. ಒಳಗೆ ರೊಟ್ಟಿಚೂರು ಇಟ್ಟು, ನಾಯಿ ತಾನೇ ಮೂತಿ ತೂರಿಸುವಂತೆ ಎರಡು ವಾರ ಅಭ್ಯಾಸ ಮಾಡಿಸಿ, ಆಮೇಲೆ ಪಟ್ಟಿ ಹಾಕಿ. ಬ್ರಿಟನ್ 1991ರಲ್ಲಿ ನಾಲ್ಕು ತಳಿಗಳನ್ನು ನಿರ್ಬಂಧಿಸಿ, 2023ರ ಕೊನೆಗೆ ಎಕ್ಸ್‌ಎಲ್ ಬುಲ್ಲಿ ಎಂಬುದನ್ನೂ ಸೇರಿಸಿದಾಗ, ಆಗಲೇ ಮನೆಗಳಲ್ಲಿದ್ದ ನಾಯಿಗಳನ್ನು ಉಳಿಸಿಕೊಳ್ಳಲು ಹಾಕಿದ ಷರತ್ತುಗಳು ಇವು: ಸಂತಾನಹರಣ, ಗುರುತಿನ ಚಿಪ್, ಬೀದಿಯಲ್ಲಿ ಹಗ್ಗ ಮತ್ತು ಬಾಯಿಗವಸು, ಮೂರನೆಯವರಿಗಾಗುವ ಹಾನಿಗೆ ವಿಮೆ. ಇವನ್ನು ಕಾನೂನು ಹೇಳುವ ತನಕ ಕಾಯದೆ ಇಲ್ಲಿಯೂ ಪಾಲಿಸಬಹುದು.

ಪ್ರಶ್ನೆ: ಲಸಿಕೆ ಹಾಕಿಸಿದ ಸಾಕುನಾಯಿ ಕಚ್ಚಿದರೂ ಮನುಷ್ಯರಿಗೆ ಇಂಜೆಕ್ಷನ್ ಬೇಕೇ? (ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಕಾರ್ಡು ನೋಡಿ ಮನೆಯಲ್ಲೇ ತೀರ್ಮಾನಿಸಬೇಡಿ, ಆಸ್ಪತ್ರೆಗೆ ಹೋಗಿ. ಹೋಗುವ ಮೊದಲು ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆಯಿರಿ. ಹದಿನೈದು ನಿಮಿಷ ಗಡಿಯಾರ ನೋಡಿಯೇ ತೊಳೆಯಬೇಕು. ಬಹುತೇಕರು ಒಂದು ನಿಮಿಷಕ್ಕೇ ನಿಲ್ಲಿಸುತ್ತಾರೆ. ಅರಿಸಿನ, ಸುಣ್ಣ, ಖಾರದಪುಡಿ ಯಾವುದನ್ನೂ ಹಚ್ಚಬೇಡಿ. ಸ್ನಾಯುವಿಗೆ ಕೊಡುವ ಲಸಿಕೆಯಾದರೆ 0 (ಮೊದಲ ಲಸಿಕೆಯ ದಿನ), 3, 7, 14, 28ನೇ ದಿನ ತಪ್ಪದೆ ಹಾಕಿಸಿ. ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದ ಸುತ್ತಲೂ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಇಂಜೆಕ್ಷನ್ ಕೂಡ ಬೇಕು, ಅದನ್ನು ನೀವಾಗಿಯೇ ಕೇಳಿ. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ. ನಾಯಿಗೆ ಮೊದಲ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ ಬೂಸ್ಟರ್, ಮುಂದೆ ಪ್ರತಿ ವರ್ಷ.

ಪ್ರಶ್ನೆ: ನನಗೆ 71 ವರ್ಷ, ನಮ್ಮ ಯಜಮಾನರಿಗೆ 76. ಮಗ ಪುಣೆಗೆ ಕೆಲಸಕ್ಕೆ ಹೋಗುವಾಗ ತನ್ನ ನಾಲ್ಕು ವರ್ಷದ ಕೇನ್ ಕೋರ್ಸೊ ನಾಯಿಯನ್ನು ನಮ್ಮಲ್ಲಿ ಬಿಟ್ಟುಹೋಗಿದ್ದಾನೆ. ಅದು ಪಾಪ, ನಮ್ಮ ಮೇಲೆ ಪ್ರಾಣವಿಟ್ಟುಕೊಂಡಿದೆ. ಆದರೆ ಅದನ್ನು ಹಿಡಿಯುವ ಶಕ್ತಿ ನಮಗಿಲ್ಲ. ಎರಡು ಸಲ ನಾನು ಬಿದ್ದಿದ್ದೇನೆ. ಕೊಟ್ಟುಬಿಟ್ಟರೆ ಪಾಪ ತಟ್ಟುತ್ತದೆಯೇ ಎಂದು ಮನಸ್ಸು ಒಪ್ಪುತ್ತಿಲ್ಲ. (ಸಾಧನಕೇರಿ, ಧಾರವಾಡ)

ಉತ್ತರ: ಅಮ್ಮಾ, ತಟ್ಟುವುದಿಲ್ಲ. ಸಾಕಲಾಗದ ನಾಯಿಯನ್ನು ಸಾಕಬಲ್ಲವರ ಕೈಗೆ ಯೋಚಿಸಿ ಒಪ್ಪಿಸುವುದು ಕೂಡ ಸಾಕುವುದರ ಭಾಗವೇ. ಮೊದಲು ಮಗನಿಗೆ ಹೇಳಿ, ನಾಯಿ ಅವನದು, ಮನೆ ಹುಡುಕುವ ಕೆಲಸವೂ ಅವನದೇ. ಪುಣೆಯಲ್ಲಿ ನಾಯಿ ಇಟ್ಟುಕೊಳ್ಳಬಹುದಾದ ಮನೆ ಸಿಗುವ ತನಕ ದಿನಕ್ಕೆರಡು ಸಲ ನಡೆಸಲು ನಾಯಿ ಬಲ್ಲ ಗಟ್ಟಿ ಆಳನ್ನು ಅವನು ನೇಮಿಸಲಿ. ನೀವಿಬ್ಬರೂ ಅದನ್ನು ಹಗ್ಗ ಹಿಡಿದು ಇಂದಿನಿಂದಲೇ ಹೊರಗೆ ಒಯ್ಯಬೇಡಿ, ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಬೇರೆಯವರಿಗೆ ಕೊಡುವುದೇ ಆದರೆ ಪುಕ್ಕಟೆ ಎಂದು ಫೋನಿನಲ್ಲಿ ಎಲ್ಲರಿಗೂ ಕಳಿಸಬೇಡಿ. ಹಾಗೆ ಒಯ್ದವರು ಮರಿ ಮಾಡಿಸಿ ಮಾರಲು, ಇಲ್ಲವೇ ಕಾದಾಡಿಸಲು ಬಳಸುವ ಸಾಧ್ಯತೆಯಿದೆ. ಕೊಡುವ ಮೊದಲು ಸಂತಾನಹರಣ ಮಾಡಿಸಿ. ದೊಡ್ಡ ನಾಯಿ ಸಾಕಿ ಗೊತ್ತಿರುವವರು, ಸ್ವಂತ ಕಾಂಪೌಂಡ್ ಇರುವವರು, ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲದವರು ಸಿಕ್ಕರೆ ಅವರು ಮೂರು ನಾಲ್ಕು ಸಲ ನಿಮ್ಮ ಮನೆಗೇ ಬಂದು ನಾಯಿಯೊಂದಿಗೆ ಕೂರಲಿ, ನಡೆಸಲಿ. ಅದು ಯಾವುದಕ್ಕೆ ಹೆದರುತ್ತದೆ, ಯಾವಾಗ ಗುರುಗುಟ್ಟಿದೆ, ಎಂದಾದರೂ ಬಾಯಿ ಹಾಕಿದೆಯೇ ಎಂಬುದನ್ನು ಒಂದನ್ನೂ ಮುಚ್ಚಿಡದೆ ಕಾಗದದಲ್ಲಿ ಬರೆದುಕೊಡಿ. ನೀವು ಸಂಕೋಚದಿಂದ ಬಿಟ್ಟ ಒಂದು ಮಾತು ಇನ್ನೊಬ್ಬರ ಮನೆಯ ಮಗುವಿಗೆ ಮುಳುವಾಗಬಹುದು. ಬೇಸತ್ತು ಕೆಲವರು ದಾಂಡೇಲಿ ರಸ್ತೆಯ ಕಾಡಂಚಿನಲ್ಲಿ ಇಳಿಸಿ ಬರುವುದನ್ನು ಕೇಳಿದ್ದೇನೆ. ಹಸಿದು ನೀರಡಿಸಿ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ, ದಾರಿಯಲ್ಲಿ ಹೋಗುವವರಿಗೂ ಅಪಾಯ. ನಿಮ್ಮಂಥವರು ಅದನ್ನು ಮಾಡಲಾರಿರಿ ಎಂದು ಬಲ್ಲೆ, ಬೇರೆ ಓದುಗರಿಗಾಗಿ ಬರೆದೆ.

ಕರೆದೊಯ್ಯುವ ದಿನ ಅದರ ಲಸಿಕೆಯ ಕಾರ್ಡು, ತಿನ್ನುವ ತಟ್ಟೆ, ಒಂದು ವಾರದ ಊಟ ಜೊತೆಗಿರಲಿ. ಅದು ಮಲಗುತ್ತಿದ್ದ ಚಾದರವನ್ನು ತೊಳೆಯದೆ ಹಾಗೆಯೇ ಕಳಿಸಿ. ಹೊಸ ಮನೆಯ ಮೊದಲ ರಾತ್ರಿಗಳಲ್ಲಿ ಅದಕ್ಕೆ ಗೊತ್ತಿರುವ ವಾಸನೆ ಅದೊಂದೇ ಆಗಿರುತ್ತದೆ.